ಹಿಂದೆ ದೋಸೆ ಕಾವಲಿ: 11-34 ಕ್ಯಾಸೆಟ್ ಎರಡು ವರ್ಷ ಓಡಿಸಿದ ಮೇಲೆ

ಕ್ಯಾಸೆಟ್ ಅಂದ್ರೆ ಸೈಕಲ್ಲಿನ ಹಿಂದಿನ ಚಕ್ರದ ಮೇಲೆ ಕೂರೋ ಹಲ್ಲುಚಕ್ರಗಳ ಗೊಂಚಲು, 11-34 ಅಂದ್ರೆ ಅದರಲ್ಲಿ ಅತಿ ಚಿಕ್ಕದಕ್ಕೆ 11 ಹಲ್ಲು, ಅತಿ ದೊಡ್ಡದಕ್ಕೆ 34; ಹಿಂದೆ ಹಲ್ಲು ಜಾಸ್ತಿ ಆದಷ್ಟೂ ತುಳಿಯೋದು ಹಗುರ. ಈ ಕ್ಯಾಸೆಟ್ ಹಾಕ್ಕೊಂಡು ಮೊದಲ್ನೇ ದಿನ ಹೆಬ್ಬಾಳದಲ್ಲಿ ನಮ್ಮ ಗುಂಪು ಸೇರೋ ಜಾಗಕ್ಕೆ ಹೋದಾಗ ಒಬ್ಬ ಹಿಂದಿನ ಚಕ್ರ ನೋಡಿ "ಏನ್ ಗುರು, ದೋಸೆ ಕಾವಲಿ ಕಟ್ಕೊಂಡ್ ಬಂದಿದೀಯ" ಅಂದ, ಎಲ್ರೂ ನಕ್ರು. ಅವತ್ತು ನಾನೇನೂ ಮಾತಾಡ್ಲಿಲ್ಲ. ಈಗ ಎರಡು ವರ್ಷ ಆಯ್ತು, ಒಂಬತ್ತು ಸಾವಿರ ಕಿಲೋಮೀಟರ್ ಮೇಲೆ ಓಡಿದೆ, ಏಳು ರೇಸ್ ಮಾಡಿದೀನಿ, ಇನ್ನು ಹೇಳ್ಬೋದು ಅನ್ಸತ್ತೆ.

ನನ್ನ ಬಗ್ಗೆ ಸ್ವಲ್ಪ ಹೇಳ್ತೀನಿ, ಯಾಕಂದ್ರೆ ಗೇರ್ ಅನ್ನೋದು ಯಾರ ಕಾಲು ಎಂಥ ರಸ್ತೆ ಅನ್ನೋದ್ರ ಮೇಲೆ ನಿಂತಿರೋದು. ವಯಸ್ಸು 39, ತೂಕ 74 ಕಿಲೋ, ಆಫೀಸಲ್ಲಿ ಕೂತು ಮಾಡೋ ಕೆಲಸ. ವಾರದಲ್ಲಿ ಮೂರು ದಿನ ಬೆಳಿಗ್ಗೆ ನಾಲ್ಕೂವರೆಗೆ ಎದ್ದು ಮಕ್ಕಳು ಏಳೋದ್ರೊಳಗೆ ಮುಗಿಸ್ಕೊಂಡು ಬರ್ಬೇಕು, ಶನಿವಾರ ಒಂದು ದಿನ ಮಾತ್ರ ಉದ್ದ ರೈಡ್. ಬೆಂಗಳೂರಲ್ಲಿ ಬಿಬಿಸಿಎಚ್ (ಬೆಂಗಳೂರು ಬೈಸಿಕಲ್ ಚಾಂಪಿಯನ್‌ಶಿಪ್ಸ್) ಥರದ ಅಮೆಚೂರ್ ರೇಸ್‌ಗಳಿವೆ, ಒಂದು ಸಲ ಟೈಮ್ ಟ್ರಯಲ್ (ಒಬ್ಬೊಬ್ರೇ ಗಡಿಯಾರದ ಎದುರು ಓಡಿಸೋದು), ಒಂದು ಸಲ ಕ್ರಿಟೀರಿಯಂ (ಸಣ್ಣ ಸುತ್ತಿನ ರಸ್ತೆಯಲ್ಲಿ ಗುಂಪಾಗಿ ಲ್ಯಾಪ್ ಹೊಡೆಯೋದು), ಒಂದು ಸಲ ಬೆಟ್ಟ, ನನ್ನ ವರ್ಷ ಆ ಲೆಕ್ಕದಲ್ಲೇ ಕಳಿಯತ್ತೆ. ಪೋಡಿಯಂ ನೋಡಿಲ್ಲ. ಮುಂದಿನ ಗುಂಪಿನ ಬಾಲ ಹಿಡ್ಕೊಂಡು ಕೊನೇವರೆಗೂ ಉಳ್ಕೊಂಡ ದಿನ ಮನೆಗೆ ಬಂದ್ರೆ ಹೆಂಡತಿ ಮುಖ ನೋಡೇ ಹೇಳ್ಬಿಡ್ತಾಳೆ, ಇವತ್ತು ಚೆನ್ನಾಗಾಯ್ತಲ್ಲಾ ಅಂತ.

ಸೈಕಲ್ಲು ಅಲ್ಯೂಮಿನಿಯಂ ಫ್ರೇಮು, ಗೇರಿನ ಭಾಗಗಳ ಸೆಟ್ಟು (ಗ್ರೂಪ್‌ಸೆಟ್) ಶಿಮಾನೋ 105 ಆರ್7000, 11 ಸ್ಪೀಡು ಅಂದ್ರೆ ಹಿಂದೆ ಹನ್ನೊಂದು ಹಲ್ಲುಚಕ್ರ, ಮುಂದೆ ಪೆಡಲ್ ಹತ್ರ 50 ಹಲ್ಲಿನದೊಂದು 34 ಹಲ್ಲಿನದೊಂದು (50/34 ಕಾಂಪ್ಯಾಕ್ಟ್). ತಗೊಂಡಾಗ ಹಿಂದೆ 11-28 ಇತ್ತು. ಅದರಲ್ಲೇ ನಾಲ್ಕು ವರ್ಷ ನಂದಿ ಹತ್ತಿದೀನಿ. ಹೆಬ್ಬಾಳದಿಂದ ಬಳ್ಳಾರಿ ರಸ್ತೆ ಹಿಡಿದು ಯಲಹಂಕ, ಏರ್‌ಪೋರ್ಟ್, ದೇವನಹಳ್ಳಿ ದಾಟಿ ನಂದಿ ರಸ್ತೆಗೆ ತಿರುಗಿದ್ರೆ ಬುಡಕ್ಕೆ ಬರೋಷ್ಟರಲ್ಲೇ ನಲವತ್ತು ಕಿಲೋಮೀಟರ್ ಮೇಲಾಗಿರತ್ತೆ, ಅಲ್ಲಿಂದ ಏಳೂವರೆ ಕಿಲೋಮೀಟರ್ ಹತ್ರ ಏರು. ಸರಾಸರಿ ನೋಡಿದ್ರೆ 6 ಪರ್ಸೆಂಟ್ ಆಸುಪಾಸು, ಕೇಳೋಕೆ ಏನೂ ಅಲ್ಲ ಅನ್ಸತ್ತೆ. ಆದ್ರೆ ಆ ಸರಾಸರಿ ನಂಬ್ಬೇಡಿ. ಕೆಲವು ತಿರುವುಗಳ ಒಳಗಡೆ, ಆಮೇಲೆ ಮೇಲಿನ ಭಾಗದಲ್ಲಿ, ರಸ್ತೆ 10 ಪರ್ಸೆಂಟ್ ದಾಟತ್ತೆ, ಅಲ್ಲೇ ನನಗೆ ಪ್ರತಿ ಸಲ ಕತೆ ಮುಗೀತಿದ್ದಿದ್ದು.

ಯಾಕೆ ಅಂತ ನಾನು ಒಂದಿನ ಕೂತು ಲೆಕ್ಕ ಹಾಕ್ದೆ. ಮುಂದೆ 34 ಹಿಂದೆ 28 ಇದ್ರೆ ಪೆಡಲ್ ಒಂದು ಸುತ್ತಿಗೆ ಸೈಕಲ್ಲು ಸುಮಾರು 2.56 ಮೀಟರ್ ಹೋಗತ್ತೆ. ಗಂಟೆಗೆ 10 ಕಿಲೋಮೀಟರ್ ಹೋಗ್ತಿದ್ರೆ ನಿಮಿಷಕ್ಕೆ 65 ಸುತ್ತು. ಮುಂದೆ 34 ಹಿಂದೆನೂ 34 ಆದ್ರೆ ಪೆಡಲ್ ಒಂದು ಸುತ್ತು, ಚಕ್ರ ಒಂದು ಸುತ್ತು, 2.1 ಮೀಟರ್, ಅದೇ ವೇಗಕ್ಕೆ ನಿಮಿಷಕ್ಕೆ 79 ಸುತ್ತು. 10 ಪರ್ಸೆಂಟ್ ಏರಲ್ಲಿ ನನ್ನ ತೂಕಕ್ಕೆ 10 ಕಿಲೋಮೀಟರ್ ವೇಗ ಅಂದ್ರೆ ಹತ್ತಿರ ಹತ್ತಿರ 250 ವ್ಯಾಟ್ ಬೇಕು. ವ್ಯಾಟ್ ಎರಡರಲ್ಲೂ ಒಂದೇ, ಆದ್ರೆ 28ರಲ್ಲಿ ಒಂದೊಂದು ತುಳಿತಕ್ಕೂ 20 ಪರ್ಸೆಂಟಿಗಿಂತ ಜಾಸ್ತಿ ಬಲ ಹಾಕ್ಬೇಕು. ಅದು ಎಲ್ಲಿಂದ ಬರತ್ತೆ? ತೊಡೆಯಿಂದ, ಸೊಂಟದಿಂದ, ಮಂಡಿಯಿಂದ. ನನಗೆ ಬಂದಿದ್ದು ಮಂಡಿಯಿಂದ.

ಎರಡನೇ ವರ್ಷ ಬಲಗಾಲು ಮಂಡಿ ಚಿಪ್ಪಿನ ಕೆಳಗೆ ನೋವು ಶುರುವಾಯ್ತು. ಶನಿವಾರ ನಂದಿ ಹತ್ತಿ ಬಂದ್ರೆ ಸೋಮವಾರ ಆಫೀಸ್ ಮೆಟ್ಟಿಲು ಇಳೀವಾಗ ಕಂಬಿ ಹಿಡ್ಕೋಬೇಕು. ಸೀಟ್ ಎತ್ತರ ಬದಲಾಯಿಸ್ದೆ, ಶೂ ಅಡಿಯಲ್ಲಿ ಪೆಡಲ್ ಹಿಡಿಯೋ ಕ್ಲೀಟ್ ಸರಿಸ್ದೆ, ಎರಡು ತಿಂಗಳು ಬೆಟ್ಟಕ್ಕೇ ಹೋಗ್ಲಿಲ್ಲ. ಫಿಸಿಯೋ ಮೇಡಂ ಒಬ್ರು ನಾನು ಟ್ರೇನರ್ (ನಿಂತಲ್ಲೇ ಸೈಕಲ್ ತುಳಿಯೋ ಸ್ಟ್ಯಾಂಡ್) ಮೇಲೆ ಓಡಿಸೋ ವಿಡಿಯೋ ನೋಡಿ ಸೀದಾ ಕೇಳಿದ್ರು, ಇಷ್ಟು ನಿಧಾನಕ್ಕೆ ಇಷ್ಟು ಭಾರ ಯಾಕೆ ತುಳೀತೀರಿ, ಗೇರ್ ಇಲ್ವಾ? ಗೇರ್ ಇರ್ಲಿಲ್ಲ, ಅದೇ ಉತ್ತರ. ಇದ್ದಿದ್ದೆಲ್ಲಾ ಆಗ್ಲೇ ಹಾಕಿ ಮುಗಿದಿರ್ತಿತ್ತು.

ಹಂಗಾಗಿ 11-34 ತಗೊಂಡೆ, ಶಿಮಾನೋ ಎಚ್‌ಜಿ700. ಕೊಟ್ಟಿದ್ದು ನಾಲ್ಕು ಸಾವಿರ ಚಿಲ್ಲರೆ. ಆದ್ರೆ ಖರ್ಚು ಅಷ್ಟಕ್ಕೇ ನಿಲ್ಲಲ್ಲ, ಈ ಭಾಗ ಸ್ವಲ್ಪ ಗಮನ ಇಟ್ಟು ಓದಿ, ಯಾಕಂದ್ರೆ ನನಗೆ ಇದು ಕಷ್ಟಪಟ್ಟು ಗೊತ್ತಾಗಿದ್ದು.

ನಾನು ಮೊದಲು ಹೋದ ಅಂಗಡಿಯವರು ಕ್ಯಾಸೆಟ್ ಬದಲಾಯಿಸಿ, ಹಳೇ ಶಾರ್ಟ್ ಕೇಜ್ ಡಿರೇಲರ್ (ಚೈನನ್ನ ಒಂದು ಹಲ್ಲುಚಕ್ರದಿಂದ ಇನ್ನೊಂದಕ್ಕೆ ಸರಿಸೋ ಭಾಗ, ಚೈನ್ ಎಳೆದು ಹಿಡಿಯೋ ಅದರ ತೋಳೇ ಕೇಜ್, ಇದರಲ್ಲಿ ಅದು ಗಿಡ್ಡ), ಹಳೇ ಚೈನ್ ಎರಡೂ ಹಂಗೇ ಬಿಟ್ಟು, ಡಿರೇಲರನ್ನ ಕ್ಯಾಸೆಟ್ಟಿಂದ ದೂರ ಇಡೋ ಬಿ ಸ್ಕ್ರೂ ಟೈಟ್ ಮಾಡಿದೀವಿ ಸರ್ ನಡಿಯತ್ತೆ ಅಂತ ಕಳಿಸಿದ್ರು. ನಾನೂ ನಂಬಿ ಬಂದೆ. ಮಾರನೇ ದಿನ ಯಲಹಂಕ ದಾಟಿ ಒಂದು ಸಣ್ಣ ಏರಲ್ಲಿ, ಮುಂದಿನ ದೊಡ್ಡ ಹಲ್ಲುಚಕ್ರದಲ್ಲೇ ಇದೀನಿ ಅನ್ನೋದು ಮರ್ತು, ಹಿಂದೆ ಒಂದೊಂದೇ ಇಳಿಸ್ತಾ 34ಕ್ಕೆ ಹಾಕ್ದೆ. ಚೈನ್ ಉದ್ದ ಸಾಲ್ಲಿಲ್ಲ. ಡಿರೇಲರ್ ಮುಂದಕ್ಕೆ ಜಗ್ಗಿ ನೆಟ್ಟಗೆ ನಿಂತ್ಬಿಡ್ತು, ಪೆಡಲ್ ಸಿಕ್ಕಾಕ್ಕೊಳ್ತು, ಡಿರೇಲರ್ ನೇತಾಕೋ ಹ್ಯಾಂಗರ್ ಬಗ್ತು. ವೇಗ ಕಮ್ಮಿ ಇತ್ತು, ಹಿಂದೆ ಯಾರೂ ಇರ್ಲಿಲ್ಲ, ಕಾಲು ಕೆಳಗಿಟ್ಟು ನಿಂತೆ. ಅದೇ ರೇಸಲ್ಲಿ ಮೂವತ್ತು ಜನದ ಮಧ್ಯೆ ಆಗಿದ್ರೆ ನಾನೊಬ್ನೇ ಬೀಳ್ತಿರ್ಲಿಲ್ಲ. ಅದನ್ನ ನೆನೆಸ್ಕೊಂಡ್ರೆ ಈಗ್ಲೂ ಮೈ ಜುಮ್ಮನ್ನತ್ತೆ.

ಆಮೇಲೆ ಇನ್ನೊಬ್ರು ಮೆಕ್ಯಾನಿಕ್ ಹತ್ರ ಹೋದೆ, ಹಳೇ ಕಾಲದೋರು, ಕಮ್ಮಿ ಮಾತು. ಸೈಕಲ್ ಸ್ಟ್ಯಾಂಡಿಗೆ ಏರಿಸಿ ನೋಡಿ ತಲೆ ಆಡಿಸಿ ಎಲ್ಲಾ ಬಿಡಿಸಿ ಹೇಳಿದ್ರು. ಈ ಗ್ರೂಪ್‌ಸೆಟ್ಟಲ್ಲಿ ಶಾರ್ಟ್ ಕೇಜ್ ಅಂದ್ರೆ ಎಸ್‌ಎಸ್, ಅದು 30 ಹಲ್ಲಿನವರೆಗೆ ಮಾತ್ರ. 34 ಬೇಕಂದ್ರೆ ಉದ್ದ ಕೇಜಿನ ಜಿಎಸ್ ಹಾಕ್ಲೇಬೇಕು, ಅದು 28ರಿಂದ 34ರವರೆಗೆ ತಗೊಳತ್ತೆ. ಲೆಕ್ಕನೂ ತೋರಿಸಿದ್ರು: ಮುಂದಿನ ಹಲ್ಲುಗಳ ವ್ಯತ್ಯಾಸ (50-34) 16, ಹಿಂದಿನದು (34-11) 23, ಒಟ್ಟು 39, ಜಿಎಸ್ ತಡ್ಕೊಳ್ಳೋ ಒಟ್ಟು ವ್ಯತ್ಯಾಸ (ಕೆಪ್ಯಾಸಿಟಿ) ಸರಿಯಾಗಿ 39. ಚೈನ್ ಹೊಸದು ತಗೊಂಡು ದೊಡ್ಡದಕ್ಕೆ ದೊಡ್ಡದು, ಅಂದ್ರೆ ಮುಂದಿನ ದೊಡ್ಡ ಹಲ್ಲುಚಕ್ರಕ್ಕೂ ಹಿಂದಿನ ದೊಡ್ಡದಕ್ಕೂ ಸುತ್ತಿ ಅಳತೆ ಮಾಡಿ ಕಟ್ ಮಾಡ್ಬೇಕು. ಇನ್ನೊಂದು ಸಣ್ಣ ವಿಷಯ ತುಂಬಾ ಜನಕ್ಕೆ ಗೊತ್ತಿಲ್ಲ, ಈ 11-34 ಕ್ಯಾಸೆಟ್ಟು 11 ಸ್ಪೀಡ್ ರೋಡ್ ಹಬ್ (ಹಿಂದಿನ ಚಕ್ರದ ನಡುಭಾಗ) ಮೇಲೆ ಕೂರ್ಬೇಕಂದ್ರೆ ಹಿಂದೆ 1.85 ಮಿಲಿಮೀಟರ್ ದಪ್ಪದ ಸ್ಪೇಸರ್, ಅಂದ್ರೆ ತೆಳು ಬಳೆಯೊಂದು ಬೇಕು, ಇಲ್ದಿದ್ರೆ ಕ್ಯಾಸೆಟ್ ಹಿಡಿಯೋ ಲಾಕ್‌ರಿಂಗ್ ಎಷ್ಟು ಬಿಗಿ ಮಾಡಿದ್ರೂ ಕ್ಯಾಸೆಟ್ ಅಲ್ಲಾಡ್ತಾನೇ ಇರತ್ತೆ. ಲಾಕ್‌ರಿಂಗ್ 40 ನ್ಯೂಟನ್ ಮೀಟರ್ ಟಾರ್ಕಿಗೆ ಬಿಗೀಬೇಕು. ಡಿರೇಲರ್, ಚೈನ್, ಹ್ಯಾಂಗರ್, ಕೂಲಿ ಎಲ್ಲಾ ಸೇರಿ ಕ್ಯಾಸೆಟ್ಟಿಗಿಂತ ಎರಡರಷ್ಟು ಮೇಲೆ ಆಯ್ತು. ಹಂಗಾಗಿ ನಾಲ್ಕು ಸಾವಿರದ ಲೆಕ್ಕ ಇಟ್ಕೊಂಡು ಹೋಗ್ಬೇಡಿ.

ಇನ್ನು ಬೆಟ್ಟ. ಮೊದಲ್ನೇ ಸಲ ನಂದಿಗೆ ಹೋದಾಗ ನಾನು ಮೊದಲೆರಡು ಕಿಲೋಮೀಟರ್ 27ರಲ್ಲೇ ಹತ್ತಿ, ಕೊನೇ ಎರಡು ಗೇರ್ ಮುಟ್ದೇ ಇಟ್ಕೊಂಡಿದ್ದೆ. ಹಳೇ ಕ್ಯಾಸೆಟ್ಟಲ್ಲಿ ಈ ಹೊತ್ತಿಗೆ ಬೆರಳು ಲಿವರ್ ಒತ್ತಿ ಒತ್ತಿ ನೋಡ್ತಿತ್ತು, ಇನ್ನೊಂದು ಇದೆಯಾ ಅಂತ. ಅವತ್ತು ಕಡಿದಾದ ತಿರುವಿಗೆ ಬಂದಾಗ 30, ಆಮೇಲೆ 34. ಕಾಲು ನಿಲ್ಲಲಿಲ್ಲ, ತಿರುಗ್ತಾನೇ ಇತ್ತು. ಉಸಿರು ಜೋರಾಗಿತ್ತು, ಎದೆ ಬಡ್ಕೊಳ್ತಿತ್ತು, ಸುಲಭ ಆಯ್ತು ಅಂತ ಯಾರಾದ್ರೂ ಹೇಳಿದ್ರೆ ಸುಳ್ಳು. ಕಷ್ಟ ಮಂಡಿಯಿಂದ ಶ್ವಾಸಕೋಶಕ್ಕೆ ಹೋಯ್ತು, ಅದು ಹತ್ತು ನಿಮಿಷ ಕೂತ್ರೆ ಸರಿಹೋಗತ್ತೆ. ಮೇಲೆ ಹೋಗಿ ಗಡಿಯಾರ ನೋಡಿದ್ರೆ 33 ನಿಮಿಷ 10 ಸೆಕೆಂಡು, ಹಳೇದರಲ್ಲಿ ನನ್ನ ಬೆಸ್ಟು 34 ನಿಮಿಷ 40. ಮೂರು ತಿಂಗಳಾದ ಮೇಲೆ 31 ನಿಮಿಷ 50ಕ್ಕೆ ಬಂತು. ಇದರಲ್ಲಿ ಕ್ಯಾಸೆಟ್ ಎಷ್ಟು, ಟ್ರೇನಿಂಗ್ ಎಷ್ಟು ಅಂತ ಬೇರೆ ಮಾಡಿ ಹೇಳೋಕಾಗಲ್ಲ, ಆದ್ರೆ ಮಂಡಿ ನೋವಿಲ್ದೇ ವಾರ ತಪ್ಪದೇ ಬೆಟ್ಟಕ್ಕೆ ಹೋಗೋಕಾಯ್ತಲ್ಲ, ಆ ಟ್ರೇನಿಂಗ್ ಬಂದಿದ್ದೇ ಇದರಿಂದ.

ಒಂದು ರೇಸಲ್ಲಿ ವಿಜಯಪುರ ಕಡೆಯ ಹುಡುಗ ಒಬ್ಬ ಸಿಕ್ಕಿದ್ದ. ಆ ಕಡೆ, ವಿಜಯಪುರ ಬಾಗಲಕೋಟೆ ಜಮಖಂಡಿ, ಸೈಕಲ್ ರೇಸ್ ಅಂದ್ರೆ ಊರಿನ ಆಟ, ನಮ್ಮ ಥರ ಶನಿವಾರದ ಹವ್ಯಾಸ ಅಲ್ಲ. ವಾರ್ಮಪ್ಪಲ್ಲಿ ಪಕ್ಕ ಬಂದು ಸ್ವಲ್ಪ ಹೊತ್ತು ನನ್ನ ಕಾಲನ್ನೇ ನೋಡಿ "ಅಣ್ಣಾರ, ತುಳೀಬ್ಯಾಡ್ರಿ, ತಿರಗಸ್ರಿ" ಅಂದ. ಆಮೇಲೆ ಮಾತಾಡ್ತಾ ಗೊತ್ತಾಯ್ತು, ಅವನು ಜೂನಿಯರ್ ಆಗಿದ್ದಾಗ ಗೇರಿಗೆ ಮಿತಿ ಇತ್ತಂತೆ. ಹೌದು, ಅಂತಾರಾಷ್ಟ್ರೀಯ ನಿಯಮದಲ್ಲೇ ಇತ್ತು, ಜೂನಿಯರ್ ಹುಡುಗರ ಅತಿ ದೊಡ್ಡ ಗೇರ್ ಪೆಡಲ್ ಒಂದು ಸುತ್ತಿಗೆ 7.93 ಮೀಟರ್ ದಾಟೋ ಹಾಗಿರ್ಲಿಲ್ಲ, 52ಕ್ಕೆ 14 ಅಂದ್ಕೊಳ್ಳಿ, 2023ರಿಂದ ಅದನ್ನ ತೆಗೆದ್ರು. ಭಾರದ ಗೇರ್ ಇಲ್ದಿದ್ರೆ ವೇಗ ಬೇಕಂದ್ರೆ ಕಾಲು ತಿರುಗಿಸೋದೊಂದೇ ದಾರಿ, ಹಂಗೆ ಆ ಹುಡುಗರ ಕಾಲಿಗೆ ಅದು ರೂಢಿಯಾಗಿದೆ. ನಾನು 33ನೇ ವಯಸ್ಸಲ್ಲಿ ಶುರು ಮಾಡಿದೋನು, ನನಗೆ ಯಾರೂ ಕಲಿಸಿರ್ಲಿಲ್ಲ, ಭಾರ ತುಳಿದ್ರೇ ಶಕ್ತಿ ಅಂದ್ಕೊಂಡಿದ್ದೆ.

ಈ ಅಂದ್ಕೊಳ್ಳೋದೇ ನಮ್ಮ ಗುಂಪುಗಳಲ್ಲಿ ದೊಡ್ಡ ರೋಗ ಅನ್ಸತ್ತೆ ನನಗೆ. 25, 28 ಹಾಕ್ಕೊಂಡು ಹತ್ತಿದೋನು ಗಂಡಸು, 34 ಹಾಕಿದ್ರೆ ಕೈಲಾಗ್ದೋನು. ಇದು ಇವತ್ತಿನ ಮಾತೂ ಅಲ್ಲ. ಟೂರ್ ದ ಫ್ರಾನ್ಸ್ 1903ರಲ್ಲಿ ಶುರುವಾಯ್ತು, ಅದನ್ನ ಕಟ್ಟಿದ ಆಂರಿ ದೆಗ್ರಾಂಜ್‌ಗೆ ಗೇರ್ ಬದಲಾಯಿಸೋದು ಅಂದ್ರೇ ಆಗ್ತಿರ್ಲಿಲ್ಲ, ರೇಸಲ್ಲಿ ಎಲ್ರಿಗೂ ಡಿರೇಲರ್ ಬಿಟ್ಟಿದ್ದು 1937ರಲ್ಲಿ. ಅಲ್ಲೀವರೆಗೆ ಬೆಟ್ಟದ ಬುಡದಲ್ಲಿ ಇಳಿದು, ಹಿಂದಿನ ಚಕ್ರ ಬಿಚ್ಚಿ, ತಿರುವಿ ಹಾಕ್ಕೊಂಡು, ಇನ್ನೊಂದು ಬದಿಯ ದೊಡ್ಡ ಹಲ್ಲುಚಕ್ರದಲ್ಲಿ ಹತ್ತೋರು. ಈಗ ಪ್ರೊಗಳೇ 34 ಬಳಸ್ತಾರೆ, 2021ರಲ್ಲಿ ಬಂದ, ಶಿಮಾನೋದ ಅತಿ ಮೇಲಿನ ರೋಡ್ ಸೆಟ್ಟಾದ 12 ಸ್ಪೀಡ್ ಡ್ಯೂರಾ-ಏಸ್‌ನಲ್ಲೇ 11-34 ಇದೆ. ಅವರು ನಮಗಿಂತ ಹಗುರ, ನಮಗಿಂತ ಎಷ್ಟೋ ಪಾಲು ಬಲ. ಅವರಿಗೆ ಬೇಕಾಗಿದ್ದು 74 ಕಿಲೋದ ಆಫೀಸ್ ಕೆಲಸದೋನಿಗೆ ಬೇಡ್ವಾ?

ಸರಿ, ಕೊರತೆ ಏನು ಅಂತ ಹೇಳ್ತೀನಿ, ಇದೆ, ಸಣ್ಣದಲ್ಲ. 11-28ರಲ್ಲಿ ಹಲ್ಲುಗಳು 11, 12, 13, 14, 15, ಆಮೇಲೆ 17, 19 ಹೀಗೆ ಹೋಗತ್ತೆ. 11-34ರಲ್ಲಿ 11, 13, 15, 17, 19, ಅಂದ್ರೆ 12 ಇಲ್ಲ, 14 ಇಲ್ಲ. ಯಾರು ಮಾಡಿದ್ರೂ ಇದು ತಪ್ಪಲ್ಲ, ಹನ್ನೊಂದೇ ಹಲ್ಲುಚಕ್ರದಲ್ಲಿ 34ರವರೆಗೆ ಹೋಗ್ಬೇಕಂದ್ರೆ ಎಲ್ಲೋ ಒಂದ್ಕಡೆ ಬಿಡ್ಲೇಬೇಕು. ಬೆಟ್ಟದಲ್ಲಿ ಗೊತ್ತೇ ಆಗಲ್ಲ. ಸಮತಟ್ಟು ರಸ್ತೆಯಲ್ಲಿ ಗುಂಪು 40ರ ವೇಗದಲ್ಲಿ ಹೋಗ್ತಿರುವಾಗ ಚೆನ್ನಾಗಿ ಗೊತ್ತಾಗತ್ತೆ. 50ಕ್ಕೆ 13 ಹಾಕಿದ್ರೆ ನಿಮಿಷಕ್ಕೆ 82 ಸುತ್ತು, ಕಾಲು ಭಾರ. 15ಕ್ಕೆ ಬಂದ್ರೆ 95, ಅರ್ಧ ಗಂಟೆ ತಿರುಗ್ಸೋಕೆ ಜಾಸ್ತಿ. ನನಗೆ ಬೇಕಾಗಿರೋದು ಮಧ್ಯದ 89, ಅದು 14ರಲ್ಲಿ ಇತ್ತು, ಇದರಲ್ಲಿ ಆ 14ನೇ ಇಲ್ಲ. ಒಂದು ಕ್ರಿಟೀರಿಯಂನಲ್ಲಿ ಪೂರ್ತಿ ರೇಸು ಈ ಎರಡರ ಮಧ್ಯೆ ಲಿವರ್ ಒತ್ತಿಕೊಂಡೇ ಕಳೆದೆ, ಪ್ರತಿ ತಿರುವಿನ ನಂತರ ಗುಂಪು ಎಳೆಯೋವಾಗ ಮುಂದಿನವನ ಚಕ್ರದಿಂದ ಅರ್ಧ ಮೀಟರ್ ಜಾರೋದು, ಅದನ್ನ ತುಂಬೋಕೆ ಮತ್ತೆ ತುಳಿಯೋದು, ಇನ್ನು ಆರು ಲ್ಯಾಪ್ ಇದ್ದಾಗ ಬಿಟ್ಟು ಹೋಯ್ತು. ಅವತ್ತು ತುಂಬಾ ಬೇಜಾರಾಯ್ತು, ಯಾಕಂದ್ರೆ ಕಾಲಲ್ಲಿ ಇನ್ನೂ ಇತ್ತು.

ತೂಕ 11-28ಕ್ಕಿಂತ ಸುಮಾರು 100 ಗ್ರಾಂ ಜಾಸ್ತಿ. ಅದರ ಬಗ್ಗೆ ತಲೆ ಕೆಡಿಸ್ಕೋಬೇಡಿ, ನೀರಿನ ಬಾಟಲಿ ಅದರ ಆರರಷ್ಟಿರತ್ತೆ.

ಬಾಳಿಕೆ ಬಗ್ಗೆ ದೂರಿಲ್ಲ. ಚಿಕ್ಕಬಳ್ಳಾಪುರ ಕಡೆ ಕ್ರಷರ್ ಧೂಳು ಎಣ್ಣೆ ಜೊತೆ ಸೇರಿ ಚೈನ್ ಮೇಲೆ ಸ್ಯಾಂಡ್‌ಪೇಪರ್ ಥರ ಕೂರತ್ತೆ, ವಾರಕ್ಕೊಂದು ಸಲ ಒರೆಸಿ ಎಣ್ಣೆ ಹಾಕ್ತೀನಿ, ಚೈನ್ ಸವೆತ ಅಳೆಯೋ ಗೇಜು 0.5 ಪರ್ಸೆಂಟ್ ತೋರಿಸಿದ ತಕ್ಷಣ ಚೈನ್ ಬದಲಾಯಿಸ್ತೀನಿ, ಎರಡು ಚೈನ್ ಹೋಗಿದೆ, ಮೂರನೇದು ಓಡ್ತಿದೆ, ಕ್ಯಾಸೆಟ್ ಹಲ್ಲು ಇನ್ನೂ ಚೆನ್ನಾಗಿದೆ. ಶಿಫ್ಟಿಂಗ್ 27ರಿಂದ 30, 30ರಿಂದ 34 ಹೋಗುವಾಗ ಸ್ವಲ್ಪ ಸದ್ದು ಮಾಡತ್ತೆ, ತುಳಿತ ಒಂದು ಕ್ಷಣ ಹಗುರ ಮಾಡಿ ಒತ್ತಿದ್ರೆ ಮೆತ್ತಗೆ ಕೂರತ್ತೆ.

ಈಗ ನಾನು ಮಾಡೋದು ಹೀಗೆ. ಹಳೇ 11-28 ಬಿಸಾಡಿಲ್ಲ. ಜಿಎಸ್ ಡಿರೇಲರ್ 28ನ್ನೂ ತಗೊಳ್ಳೋದ್ರಿಂದ, 34ಕ್ಕೆ ಅಳೆದ ಚೈನಲ್ಲೇ ಅದೂ ನಡಿಯತ್ತೆ. ಸಮತಟ್ಟು ರೇಸಿನ ಹಿಂದಿನ ರಾತ್ರಿ ಊಟ ಆದ್ಮೇಲೆ ಕ್ಯಾಸೆಟ್ ಬಿಚ್ಚೋಕೆ ಬಳಸೋ ಚೈನ್ ವಿಪ್ ತಗೊಂಡು ಕೂತ್ರೆ ಇಪ್ಪತ್ತು ನಿಮಿಷದ ಕೆಲಸ, ಮಗಳು ಸ್ಪೇಸರ್ ಕೈಯಲ್ಲಿ ಹಿಡ್ಕೊಂಡು ಪಕ್ಕದಲ್ಲಿ ಕೂತಿರ್ತಾಳೆ. 28 ಹಾಕುವಾಗ ಆ ಸ್ಪೇಸರ್ ತೆಗೀಬೇಕು, 34 ಹಾಕುವಾಗ ಮತ್ತೆ ಹಾಕ್ಬೇಕು, ಬಿ ಸ್ಕ್ರೂ ಒಂದೆರಡು ಸುತ್ತು ಸರಿ ಮಾಡ್ಬೇಕು, ಬೀದೀಲಿ ಒಂದು ರೌಂಡ್ ಹೋಗಿ ಎಲ್ಲಾ ಗೇರ್ ಹಾಕಿ ನೋಡ್ಬೇಕು. ಆ ಸ್ಪೇಸರ್ ಎಲ್ಲಿಟ್ಟೆ ಅಂತ ರೇಸಿನ ದಿನ ಹುಡುಕೋ ಹಾಗಾಗ್ಬಾರ್ದು ಅಂತ ಅದನ್ನ ಬಿಚ್ಚಿಟ್ಟ 11-34 ಕ್ಯಾಸೆಟ್ಟಿಗೇ ದಾರ ಹಾಕಿ ಕಟ್ಟಿಡ್ತೀನಿ.

ನೀವು 65 ಕಿಲೋ ಒಳಗಿದ್ದು, ಬೆಟ್ಟದ ರೇಸ್ ಮಾಡದೇ, ಬರೀ ಸಮತಟ್ಟಲ್ಲಿ ಗುಂಪಲ್ಲಿ ಓಡಿಸೋರಾದ್ರೆ 28ರಲ್ಲೇ ಇರಿ, ತುಂಬಾ ಆದ್ರೆ 30. ಎಪ್ಪತ್ತು ಕಿಲೋ ಮೇಲಿದ್ದು, ನಂದಿಯೋ ಸ್ಕಂದಗಿರಿ ಸುತ್ತಮುತ್ತವೋ ನಿಮ್ಮ ವಾರದ ರಸ್ತೆ ಆಗಿದ್ರೆ, ಕಡಿದಾದ ಕಡೆ ನಿಮ್ಮ ಕೇಡೆನ್ಸ್ (ನಿಮಿಷಕ್ಕೆ ಪೆಡಲ್ ಸುತ್ತು) 65ಕ್ಕಿಂತ ಕೆಳಗೆ ಬೀಳ್ತಿದ್ರೆ, ಹಾಕ್ಸಿ. ಹಾಕಿಸೋಕೆ ಮುಂಚೆ ಡಿರೇಲರ್ ಹಿಂಬದಿ ತಿರುಗಿಸಿ ಎಸ್‌ಎಸ್ ಅಂತಿದೆಯೋ ಜಿಎಸ್ ಅಂತಿದೆಯೋ ನೀವೇ ಓದ್ಕೊಳ್ಳಿ, ಅಂಗಡಿಯವರು ನಡಿಯತ್ತೆ ಅಂದ್ರೂ ಚೈನ್ ಅಳತೆ ದೊಡ್ಡದಕ್ಕೆ ದೊಡ್ಡದು ಹಾಕಿ ನಿಮ್ಮ ಕಣ್ಣೆದುರಿಗೆ ತೋರಿಸೋಕೆ ಹೇಳಿ, ಆಮೇಲೇ ರಸ್ತೆಗೆ ಇಳಿಸಿ.