ವೆಸ್ಟ್ರೆ–ಪಾಪಾ ವೆಸ್ಟ್ರೆ ವಿಮಾನ: 2.7 ಕಿ.ಮೀ. ದೂರ, ಎರಡು ನಿಮಿಷದ ಹಾರಾಟ

ಸ್ಕಾಟ್ಲೆಂಡಿನ ಉತ್ತರಕ್ಕಿರುವ ಆರ್ಕ್ನಿ ದ್ವೀಪಸಮೂಹದ ವೆಸ್ಟ್ರೆ, ಪಾಪಾ ವೆಸ್ಟ್ರೆ ಎಂಬ ಎರಡು ದ್ವೀಪಗಳ ನಡುವೆ ಲೋಗನ್‌ಏರ್ ವಿಮಾನ ಸಂಸ್ಥೆ 1967ರಿಂದ ಹಾರಿಸುತ್ತಿರುವ ಈ ವಿಮಾನ, ವೇಳಾಪಟ್ಟಿ ಇಟ್ಟುಕೊಂಡು ಓಡುವ ವಿಮಾನಗಳಲ್ಲಿ ಜಗತ್ತಿಗೇ ಅತಿ ಕಡಿಮೆ ದೂರ ಹಾರುವುದು. ದೂರ ಸುಮಾರು 2.7 ಕಿ.ಮೀ. ಬೆಂಗಳೂರಿನ ಕೆಂಪೇಗೌಡ ನಿಲ್ದಾಣದ ಒಂದು ರನ್‌ವೇಯೇ 4 ಕಿ.ಮೀ. ಇದೆ. ವೇಳಾಪಟ್ಟಿಯಲ್ಲಿ ಎರಡು ನಿಮಿಷ, ದಾಖಲೆ 53 ಸೆಕೆಂಡ್.

ಆನ್‌ಲೈನ್‌ನಲ್ಲಿ ದೂರ ಲೆಕ್ಕ ಹಾಕಿಕೊಡುವ ತಾಣಗಳಿಗೆ ಈ ಎರಡು ನಿಲ್ದಾಣಗಳ ಕೋಡ್‌ಗಳಾದ WRY, PPW ಕೊಟ್ಟರೆ ದೂರ ಹೆಚ್ಚುಕಡಿಮೆ ಸರಿಯಾಗಿಯೇ ಬರುತ್ತದೆ. ಎಡವುವುದು ಸಮಯದಲ್ಲಿ. ಜೆಟ್ ವೇಗ ಗಂಟೆಗೆ 800 ಕಿ.ಮೀ. ಎಂದಿಟ್ಟುಕೊಂಡು, ಏರಿಳಿಯಲು ಅರ್ಧ ಗಂಟೆ ಸೇರಿಸುವ ಸೂತ್ರ ಹಲವು ಕಡೆ ಇದೆ. ಹಾಗಾಗಿ ಎರಡು ನಿಮಿಷದ ಹಾರಾಟಕ್ಕೆ ಅರ್ಧ ಗಂಟೆ ತೋರಿಸುತ್ತದೆ! ಇಲ್ಲಿ ಓಡುವುದು ಬ್ರಿಟನ್-ನಾರ್ಮನ್ ಐಲ್ಯಾಂಡರ್, ಎರಡು ಪಿಸ್ಟನ್ ಎಂಜಿನ್‌ನ ಪುಟ್ಟ ವಿಮಾನ. ಪೂರ್ಣ ವೇಗಕ್ಕೆ ಬರುವ ಮೊದಲೇ ಇಳಿಯುವ ಹೊತ್ತಾಗಿರುತ್ತದೆ. ಸಮಯ ನಿರ್ಧರಿಸುವುದು ಗಾಳಿ: ಮೇಲೇರಿದ ದಿಕ್ಕಿನಲ್ಲೇ ನೇರ ಹೋಗಿ ಇಳಿಯಲು ಆದರೆ ಸರಿ, ತಿರುವು ಹಾಕಬೇಕಾದರೆ ನಿಮಿಷ ಹೆಚ್ಚುತ್ತದೆ.

ಪೈಲಟ್ ಒಬ್ಬರೇ, ಪ್ರಯಾಣಿಕರು ಹೆಚ್ಚೆಂದರೆ ಎಂಟು ಜನ. ಗಗನಸಖಿಯೂ ಇಲ್ಲ, ಶೌಚಾಲಯವೂ ಇಲ್ಲ. ವಿಮಾನದ ಗರಿಷ್ಠ ಟೇಕಾಫ್ ತೂಕವೇ ಮೂರು ಟನ್‌ಗಿಂತ ಕಡಿಮೆ, ಆದ್ದರಿಂದ ದೊಡ್ಡ ಸೂಟ್‌ಕೇಸ್ ಬೇಡ, ಮೆತ್ತನೆಯ ಸಣ್ಣ ಬ್ಯಾಗ್ ಸಾಕು. ಪೈಲಟ್ ಪಕ್ಕದ ಸೀಟು ಸಿಕ್ಕರೆ ಬಿಡಬೇಡಿ. ಎದುರಿಗೆ ಸಮುದ್ರ, ಅದರಾಚೆ ಇಳಿಯಬೇಕಾದ ಪಟ್ಟಿ, ಎಲ್ಲವೂ ಒಂದೇ ಗಾಜಿನಲ್ಲಿ ಕಾಣುತ್ತವೆ.

ಟಿಕೆಟ್ ಮಾಡುವಾಗ ಹುಷಾರು. ಎರಡೂ ದ್ವೀಪಗಳಿಗೆ ವಿಮಾನ ಹೊರಡುವುದು ಆರ್ಕ್ನಿಯ ಕರ್ಕ್‌ವಾಲ್‌ನಿಂದ. ಅಲ್ಲಿಂದ ಪಾಪಾ ವೆಸ್ಟ್ರೆಗೆ ಸುಮಾರು 44 ಕಿ.ಮೀ. ಕೆಲವು ವಿಮಾನ ನೇರ ಪಾಪಾ ವೆಸ್ಟ್ರೆಗೆ ಹೋಗುತ್ತವೆ, ಅದರಲ್ಲಿ ಈ ಪುಟ್ಟ ಹಾರಾಟ ಬರುವುದೇ ಇಲ್ಲ. ವೆಸ್ಟ್ರೆಯಲ್ಲಿ ಇಳಿದು ಮುಂದೆ ಹೋಗುವುದನ್ನೇ, ಇಲ್ಲವೇ ಅದರ ಉಲ್ಟಾ ಸುತ್ತನ್ನು, ನೋಡಿ ಆರಿಸಿ. ಮಂಜು ಕವಿದರೆ ಅಥವಾ ಗಾಳಿ ಜೋರಾದರೆ ರದ್ದಾಗುವುದು ಇಲ್ಲಿ ಮಾಮೂಲು. ಅದೇ ದಿನ ಎಡಿನ್‌ಬರೋದಿಂದ ಮುಂದಿನ ವಿಮಾನ ಹಿಡಿಯುವ ಯೋಜನೆ ಇಟ್ಟುಕೊಳ್ಳಬೇಡಿ, ಕರ್ಕ್‌ವಾಲ್‌ನಲ್ಲಿ ಒಂದು ರಾತ್ರಿ ಕೈಯಲ್ಲಿರಲಿ.

ಸೇವೆಯಾಗಿ ಇದಕ್ಕೆ ಐದಕ್ಕೆ ಐದು ಅಂಕ ಕೊಡಬೇಕು. ಪಾಪಾ ವೆಸ್ಟ್ರೆಯಲ್ಲಿರುವುದು ನೂರರ ಆಸುಪಾಸಿನ ಜನ. ಶಿಕ್ಷಕರಿಗೆ, ರೋಗಿಗಳಿಗೆ ಇದೇ ಬಸ್ಸು. ಸರ್ಕಾರಿ ನೆರವಿಲ್ಲದೆ ಇಂಥ ಮಾರ್ಗ ಉಳಿಯದು, ಆ ಹಣ ಸಾರ್ಥಕ. ಹಾಗಾಗಿ ದಾಖಲೆಗೆಂದು ಹತ್ತಿ, ಅದೇ ವಿಮಾನದಲ್ಲಿ ವಾಪಸಾಗುವುದು ನನಗೆ ಸರಿಕಾಣದು. ಒಂದು ದಿನ ಉಳಿಯಿರಿ. ಐದು ಸಾವಿರ ವರ್ಷಕ್ಕೂ ಹಳೆಯ ಕಲ್ಲಿನ ಮನೆಗಳಾದ ನ್ಯಾಪ್ ಆಫ್ ಹೋವರ್ ಅಲ್ಲೇ ಸಮುದ್ರದಂಚಿನಲ್ಲಿದೆ. ಮರಳುವಾಗ ವಿಮಾನ ರದ್ದಾದರೆ ವೆಸ್ಟ್ರೆಗೆ ದೋಣಿಯೂ ಉಂಟು, ಅರ್ಧ ಗಂಟೆಯ ಒಳಗೆ ತಲುಪಿಸುತ್ತದೆ. ಅದಕ್ಕೂ ಹವಾಮಾನ ಒಪ್ಪಬೇಕು.