ಗ್ಲಾಸಿ ಪಿಯು ಫಿನಿಶ್‌ಗೆ ಸ್ಯಾಂಡರ್ ತಗೊಳ್ಳೋರು ವ್ಯಾಟ್ ಬಿಟ್ಟು ಆರ್ಬಿಟ್ ನೋಡಿ

ಶಿವಮೊಗ್ಗದಲ್ಲಿ ನಮ್ದೊಂದು ಚಿಕ್ಕ ವರ್ಕ್‌ಶಾಪ್ ಇದೆ, ಎಂಡಿಎಫ್ (ಮರದ ನಾರು ಒತ್ತಿ ಮಾಡಿದ ಹಲಗೆ) ಶಟರ್, ವಾರ್ಡ್‌ರೋಬ್, ದೇವರಮನೆ ಬಾಗಿಲು ಇಂಥವಕ್ಕೆಲ್ಲ ಪಿಯು, ಅಂದ್ರೆ ಪಾಲಿಯುರೆಥೇನ್ ಪೇಂಟ್ ಹೊಡೆದು ಮುಖ ಕಾಣೋ ಥರ ಮಿಂಚಿಸಿ ಕೊಡೋದು ಕೆಲಸ, ಹಳಬರು ಇದನ್ನ ಇವತ್ತಿಗೂ ಡ್ಯೂಕೋ ಅಂತಾನೇ ಅಂತಾರೆ. ಈ ಕೆಲಸಕ್ಕೆ ಬಾಷ್ ಜಿಇಎಕ್ಸ್ 125-1 ಎಇ ಅನ್ನೋ 5 ಇಂಚಿನ ರ‍್ಯಾಂಡಮ್ ಆರ್ಬಿಟಲ್ ಸ್ಯಾಂಡರನ್ನ (ಗುಂಡು ಪ್ಯಾಡಿಗೆ ಉಜ್ಜೋ ಪೇಪರ್ ಅಂಟಿಸಿ ಓಡಿಸೋ ಮಷಿನ್) ಕೆಲವು ವರ್ಷದಿಂದ ಹೆಚ್ಚುಕಡಿಮೆ ದಿನಾ ಓಡಿಸ್ತಿದೀವಿ. 250 ವ್ಯಾಟ್, ತೂಕ 1.3 ಕೆಜಿ ಅಷ್ಟೇ. ಅಂಗಡೀಲಿ ಇದನ್ನ ಕೇಳಿದ್ರೆ "ಇದೇನ್ ಸಾರ್, ಇದೇ ರೇಟಿಗೆ ಇನ್ನೂ ಜಾಸ್ತಿ ವ್ಯಾಟ್ ಇರೋದು ಕೊಡ್ತೀನಿ" ಅಂತಾರೆ. ಕೇಳ್ಬೇಡಿ. ಪೇಂಟ್ ಕೆಲಸಕ್ಕೆ ವ್ಯಾಟ್ ಕಟ್ಕೊಂಡು ಏನೂ ಆಗ್ಬೇಕಾಗಿಲ್ಲ.

ನೋಡ್ಬೇಕಾದ್ದು ಆರ್ಬಿಟ್, ಅಂದ್ರೆ ಪ್ಯಾಡ್ ತಾನು ತಿರುಗ್ತಾ ತಿರುಗ್ತಾ ಆಚೀಚೆ ಸುತ್ತೋ ಚಿಕ್ಕ ವೃತ್ತದ ಅಳತೆ. ಈ ಮಷಿನ್‌ದು 2.5 ಎಂಎಂ. ಮಕೀಟಾ ಬಿಓ5031ದು 2.8, ಅದೂ ಇದೇ ಸಾಲಿಗೆ ಸೇರೋದೇ, ಅದರಲ್ಲಿ ಸ್ಪೀಡ್ ನಿಮಿಷಕ್ಕೆ 4000 ಸುತ್ತಿನ ತನಕ ಇಳಿಯತ್ತೆ ಅನ್ನೋದು ಒಂದು ಲಾಭ, ಬಾಷ್‌ದು 7500ರಿಂದ ಶುರುವಾಗಿ 12000ದ ತನಕ ಹೋಗತ್ತೆ. ಆದ್ರೆ ಬಿಓ5030 ಅಂತ ಅದರ ತಮ್ಮ ಇದೆ, ಅದರಲ್ಲಿ ಸ್ಪೀಡ್ ಕಂಟ್ರೋಲ್ ಇಲ್ಲ, ನಂಬರ್ ಸರಿಯಾಗಿ ಓದಿ ತಗೊಳ್ಳಿ. ಫೆಸ್ಟೂಲ್‌ನವರು ಇನ್ನೂ ಸುಲಭ ಮಾಡಿದಾರೆ, ಇಟಿಎಸ್ 150/3, 150/5 ಅಂತ ಹೆಸರಲ್ಲೇ ಇದೆ, ಕೊನೇ ಅಂಕಿನೇ ಎಂಎಂ. 5 ಎಂಎಂ ಆರ್ಬಿಟ್ ಇರೋದು ಮರ ಕಡಿಮೆ ಮಾಡೋಕೆ, ಹಳೇ ಬಣ್ಣ ಕೀಳೋಕೆ ಚೆನ್ನ, ಬೇಗ ತಿನ್ನತ್ತೆ. ಅದೇ ಮಷಿನನ್ನ ಗ್ಲಾಸಿ ಕೆಲಸದ ಪ್ರೈಮರ್ (ಬಣ್ಣಕ್ಕೆ ಮುಂಚೆ ಹೊಡೆಯೋ ತಳದ ಪದರ) ಮೇಲೆ ಓಡಿಸಿದ್ರೆ ಸುರುಳಿ ಸುರುಳಿ ಗೀರು ಜಾಸ್ತಿ ಬೀಳತ್ತೆ. ಮ್ಯಾಟ್ ಫಿನಿಶಲ್ಲಾದ್ರೆ ಅದು ಯಾರ ಕಣ್ಣಿಗೂ ಬೀಳಲ್ಲ, ಗ್ಲಾಸಿಲಿ ಮಾತ್ರ ಟ್ಯೂಬ್‌ಲೈಟ್ ಹಾಕಿದ್ ತಕ್ಷಣ ಜಾಮೂನಿನ ಪಾಕದ ಎಳೆ ಥರ ಎದ್ದು ಕಾಣತ್ತೆ.

ಇದಕ್ಕೆ ಮುಂಚೆ ಒಂದು ಅಗ್ಗದ ಮಷಿನ್ ಇತ್ತು, ಕಂಪನಿ ಹೆಸರು ಬೇಡ. ಅದರ ಪ್ಯಾಡ್‌ಗೆ ಬ್ರೇಕೇ ಇರ್ಲಿಲ್ಲ. ಗಾಳೀಲಿ ಎತ್ತಿ ಹಿಡಿದ್ರೆ ಫ್ಯಾನ್ ಥರ ಜೋರಾಗಿ ತಿರುಗೋದು, ಹಾಗೇ ಶಟರ್ ಮೇಲೆ ಇಟ್ರೆ ಇಟ್ಟ ಜಾಗದಲ್ಲೇ ಅರ್ಧಚಂದ್ರ. ಯಾವ ಮಷಿನ್ ಆದ್ರೂ ಸರಿ, ಪ್ಯಾಡನ್ನ ಮೊದ್ಲು ಉಜ್ಜೋ ಜಾಗದ ಮೇಲೆ ಇಟ್ಟು ಆಮೇಲೆ ಸ್ವಿಚ್ ಹಾಕಿ. ಇನ್ನು ಗ್ರೈಂಡರ್‌ಗೆ ಪೇಪರ್ ಹಾಕಿ ಉಜ್ಜೋರು ಇದಾರೆ, ಅವರಿಗೆ ಕೈಮುಗಿದು ಹೇಳ್ತೀನಿ, ಕಬ್ಬಿಣದ ಗೇಟಿಗೆ ಇಟ್ಕೊಳ್ಳಿ ಅದನ್ನ.

ನಮ್ಮಲ್ಲಿ ಕೆಲಸ ನಡೆಯೋದು ಹೀಗೆ. ಎಂಡಿಎಫ್‌ಗೆ 240 ನಂಬರ್ ಪೇಪರ್ (ನಂಬರ್ ಹೆಚ್ಚಾದಷ್ಟೂ ನಯ), ಪಿಯು ಪ್ರೈಮರ್‌ಗೆ 320, ಕೊನೇ ಪ್ರೈಮರ್‌ಗೆ 400. ಮೇಲೆ ಪೆನ್ಸಿಲಲ್ಲಿ ಅಡ್ಡಾದಿಡ್ಡಿ ಗೀಚಿಬಿಟ್ರೆ ಎಲ್ಲಿ ಗುಂಡಿ ಉಳಿದಿದೆ ಅಂತ ಗೊತ್ತಾಗತ್ತೆ, ಗುಂಡೀಲಿ ಪೆನ್ಸಿಲ್ ಹಾಗೇ ಉಳಿಯತ್ತೆ. ಮಷಿನ್ ಮೇಲೆ ಕೈ ಭಾರ ಹಾಕ್ಬಾರ್ದು, ಅದರ ತೂಕವೇ ಸಾಕು, ಒತ್ತಿದ್ರೆ ಪ್ಯಾಡ್ ಸುತ್ತೋದು ನಿಂತು ಬರೀ ಅಲ್ಲಾಡತ್ತೆ, ಬಿಸಿಯಾಗಿ ಪೇಪರ್ ಹಿಡ್ಕೊಳ್ಳೋ ವೆಲ್ಕ್ರೋ ಬೇಗ ಸವೆಯತ್ತೆ. ಸೆಕೆಂಡಿಗೆ ಒಂದು ಇಂಚು ಅನ್ನೋ ಲೆಕ್ಕದಲ್ಲಿ ನಿಧಾನ ಹೋಗ್ಬೇಕು. ಹುಡುಗರಿಗೆ ಇದೊಂದು ಕಲಿಸೋಷ್ಟರಲ್ಲಿ ಸಾಕುಸಾಕಾಗತ್ತೆ, ಎಲ್ರೂ ನೆಲ ಒರೆಸೋ ಸ್ಪೀಡಲ್ಲೇ ಓಡಿಸ್ತಾರೆ. ಅಂಚಿಗೆ ಮಾಸ್ಕಿಂಗ್ ಟೇಪ್ ಹಾಕಿ, ಇಲ್ದಿದ್ರೆ ಮೂಲೇಲಿ ಪ್ರೈಮರ್ ಹೋಗಿ ಎಂಡಿಎಫ್ ಕಂದು ಬಣ್ಣ ಇಣುಕತ್ತೆ. ಹ್ಯಾಂಡಲ್ ಗ್ರೂವ್, ಮೋಲ್ಡಿಂಗ್ ಇವೆಲ್ಲ ಕೈಯಲ್ಲೇ, ಗುಂಡು ಪ್ಯಾಡ್ ಅಲ್ಲಿಗೆ ಹೋಗೋದೇ ಇಲ್ಲ.

ಟಾಪ್‌ಕೋಟ್, ಅಂದ್ರೆ ಮೇಲಿನ ಕೊನೇ ಪದರದ ವಿಷಯ ಬೇರೆ. ಅದರ ದಪ್ಪ ಮೈಕ್ರಾನ್ (ಎಂಎಂನ ಸಾವಿರದ ಒಂದು ಭಾಗ) ಲೆಕ್ಕದ್ದು. 320 ಪೇಪರಿನ ಕಾಳು ಸುಮಾರು 46 ಮೈಕ್ರಾನ್, 1500ದು 13ರ ಹತ್ರ, 2000ದು 10. ಹಾಗಾಗಿ ಟಾಪ್‌ಕೋಟಲ್ಲಿ ಧೂಳಿನ ಕಾಳು, ಆರೆಂಜ್ ಪೀಲ್ (ಕಿತ್ತಳೆ ಸಿಪ್ಪೆ ಥರ ಉಬ್ಬುತಗ್ಗು) ಬಂದಿದ್ರೆ 1200, 1500, 2000 ಅಂತ ಹೋಗಿ ಆಮೇಲೆ ಕಾಂಪೌಂಡ್ (ಪಾಲಿಶ್ ಪೇಸ್ಟ್) ಹಾಕಿ ಬಫಿಂಗ್. ಇಲ್ಲಿ ಮಷಿನ್ ಬಳಸೋದಾದ್ರೆ ಪ್ಯಾಡ್‌ಗೂ ಪೇಪರ್‌ಗೂ ಮಧ್ಯೆ ಮೆತ್ತನೆ ಫೋಮ್ ಪ್ಯಾಡ್ ಬೇಕು, ಸ್ಪೀಡ್ ಕಡಿಮೆ ಇಡ್ಬೇಕು. ನಾನಂತೂ ಮಷಿನ್ ಅಲ್ಲಿಗೇ ನಿಲ್ಲಿಸಿ ವಾಟರ್ ಪೇಪರ್ ಕೊಟ್ಟು ಕೈಯಲ್ಲೇ ಮಾಡಿಸ್ತೀನಿ. ಕರೆಂಟ್ ಮಷಿನ್ ಇಟ್ಕೊಂಡು ನೀರು ಹಾಕಿ ಉಜ್ಜೋ ವಿಡಿಯೋ ನೋಡಿ ಯಾರೂ ಟ್ರೈ ಮಾಡ್ಬೇಡಿ, ಶಾಕ್ ಹೊಡೆಯತ್ತೆ. ನೀರಲ್ಲಿ ಮಷಿನ್ನೇ ಬೇಕು ಅಂದ್ರೆ ಕಂಪ್ರೆಸರ್ ಗಾಳೀಲಿ ಓಡೋದು ಬರತ್ತೆ, ಆದ್ರೆ ಅದು ಸಿಕ್ಕಾಪಟ್ಟೆ ಗಾಳಿ ಕುಡಿಯತ್ತೆ, ಸ್ಪ್ರೇಗೆ ಅಂತ ಇಟ್ಕೊಂಡಿರೋ 2 ಎಚ್‌ಪಿ ಕಂಪ್ರೆಸರ್ ಅದಕ್ಕೆ ಸಾಲಲ್ಲ.

ನಮ್ ಪೇಂಟರ್ ಭಾಯ್ ಮೊದ್ಲೆಲ್ಲ ಮಷಿನ್ ಮುಟ್ತಾನೇ ಇರ್ಲಿಲ್ಲ. "ಕೈಯಲ್ಲಿ ಹೊಡ್ದ ಪೇಪರೇ ಬೇರೆ ಸಾರ್, ಕೈಗೆ ಗೊತ್ತಾಗತ್ತೆ" ಅನ್ನೋರು. ಈಗ ಪ್ರೈಮರ್ ಅಷ್ಟೂ ಮಷಿನಲ್ಲೇ ಮಾಡ್ತಾರೆ, ಆದ್ರೂ ಒಂದ್ಸಲ ಅಂಗೈ ಸವರಿ ನೋಡ್ದೆ ಪೇಂಟ್ ಹೊಡೆಯಲ್ಲ. ಅದು ಸರಿನೇ ಅನ್ಸತ್ತೆ ನಂಗೆ.

ಮಳೆಗಾಲದ್ದು ಹೇಳ್ಲೇಬೇಕು. ನಮ್ಮೂರ ಕಡೆ ಜುಲೈ ಆಗಸ್ಟಲ್ಲಿ ಗಾಳಿ ತುಂಬ ನೀರೇ. ಪಿಯು ಗಟ್ಟಿಯಾಗೋಕೆ ಸೇರಿಸೋ ಹಾರ್ಡ್‌ನರ್‌ಗೆ ತೇವ ಆಗ್ಬರಲ್ಲ, ನೀರಿನ ಜೊತೆ ಸೇರಿದ್ರೆ ಗ್ಯಾಸ್ ಬಿಟ್ಟು ಸಣ್ಣ ಗುಳ್ಳೆ ಏಳತ್ತೆ. ಜೊತೆಗೆ ಥಂಡಿಗೆ ಒಣಗೋದೂ ನಿಧಾನ. ಒಳಗೆ ಹಸಿ ಇರೋವಾಗಲೇ ಸ್ಯಾಂಡರ್ ಇಟ್ರೆ ಪೇಪರಿಗೆ ಅಂಟು ಅಂಟು ಉಂಡೆ ಕಟ್ಕೊಂಡು ಅದೇ ಉಂಡೆ ಎಲ್ಲ ಕಡೆ ಗೀರು ಹಾಕತ್ತೆ, ಜನ ಮಷಿನ್ ಸರಿ ಇಲ್ಲ ಅಂತ ಬೈತಾರೆ. ಉಗುರಲ್ಲಿ ಒತ್ತಿ ನೋಡಿ, ಗುರುತು ಬಿದ್ರೆ ಇನ್ನೊಂದ್ ದಿನ ಬಿಡಿ.

ಧೂಳಿಗೆ ಜೊತೇಲಿ ಬರೋ ಡಬ್ಬಿ ಮನೆಕೆಲಸಕ್ಕೆ ಸಾಕು, ದಿನವಿಡೀ ಓಡಿಸೋರು ವ್ಯಾಕ್ಯೂಮ್ ಪೈಪ್ ಸಿಕ್ಕಿಸ್ಕೊಳ್ಳಿ. ಇದು ಬರೀ ಕ್ಲೀನ್ ಇರ್ಲಿ ಅಂತಲ್ಲ, ಪೇಪರ್ ಕೆಳಗೆ ಸಿಕ್ಕ ಧೂಳೇ ಅರ್ಧ ಗೀರಿಗೆ ಕಾರಣ. ವ್ಯಾಕ್ಯೂಮ್ ಇದ್ರೂ ಮಾಸ್ಕ್ ಬಿಡ್ಬೇಡಿ, ಎಂಡಿಎಫ್ ಧೂಳು, ಪಿಯು ಧೂಳು ಎರಡೂ ಎದೆಗೆ ಒಳ್ಳೇದಲ್ಲ.

ದುಡ್ಡಿನ ಲೆಕ್ಕ ಹಾಕೋರಿಗೆ ಒಂದು ಮಾತು, ಖರ್ಚಿರೋದು ಮಷಿನಲ್ಲಿ ಅಲ್ಲ, ಪೇಪರಲ್ಲಿ. ಪ್ಯಾಡಿನ ವೆಲ್ಕ್ರೋ ಯಾವ ಕಂಪನಿದಾದ್ರೂ ಸವೆದೇ ಸವೆಯತ್ತೆ, ಒಂದು ಎಕ್ಸ್‌ಟ್ರಾ ಇಟ್ಕೊಂಡಿರಿ. ಗುಂಡು ಪೇಪರ್ ಡಿಸ್ಕ್ ತಗೊಳ್ಳೋವಾಗ 8 ತೂತಿಂದು ಅಂತ ಕೇಳಿ ತಗೊಳ್ಳಿ, ಬೇರೆ ಕೊಟ್ರೆ ಪ್ಯಾಡಿನ ತೂತಿಗೆ ಕೂರಲ್ಲ, ಧೂಳು ಎಳೆಯಲ್ಲ. ಬಿಳೀ ಪುಡಿ ಲೇಪನ ಇರೋ ಪೇಪರ್ ಬರತ್ತೆ, ಅದು ಪ್ರೈಮರ್ ಮೇಲೆ ಬೇಗ ಕಟ್ಕೊಳ್ಳಲ್ಲ, ಎರಡು ರೂಪಾಯಿ ಜಾಸ್ತಿ ಆದ್ರೂ ಅದನ್ನೇ ತಗೊಳ್ಳಿ.