ಎಸ್.ಪಿ. ರೋಡಿನ ‘24 ವೋಲ್ಟ್ ಆಡಿಯೋ ಬೂಸ್ಟರ್’ ತಗೋಬೇಡಿ

ಕಂಪ್ಯೂಟರಿನ ಆಡಿಯೋ ಸಿಗ್ನಲ್‌ಗೆ ವೋಲ್ಟೇಜ್ ಏರಿಸಿ ಕೊಡುತ್ತೆ ಅಂತ ಬೆಂಗಳೂರಿನ ಎಸ್.ಪಿ. ರೋಡಿನ ಒಂದು ಅಂಗಡಿಯಲ್ಲಿ ಕಪ್ಪು ಪ್ಲಾಸ್ಟಿಕ್ ಡಬ್ಬಿಯೊಂದನ್ನು ಮಾರ್ತಿದ್ದಾರೆ. ಮುಂದೆ ನೀಲಿ ಎಲ್‌ಇಡಿ, ಮೇಲೆ ‘ಆಡಿಯೋ ಸಿಗ್ನಲ್ ಬೂಸ್ಟರ್ 24 ವೋಲ್ಟ್’ ಅಂತ ಸ್ಟಿಕ್ಕರ್. ದಯವಿಟ್ಟು ತಗೋಬೇಡಿ. 1,850 ರೂಪಾಯಿ ಕೊಟ್ಟು ತಂದೆ. ದುಡ್ಡಿನ ಜೊತೆ ಮಕ್ಕಳ ಎದುರು ಮರ್ಯಾದೆಯೂ ಹೋಯಿತು.

ಭಾನುವಾರ ಡಿಪ್ಲೊಮಾ ಹುಡುಗರಿಗೆ ಎಲೆಕ್ಟ್ರಾನಿಕ್ಸ್ ಹೇಳಿಕೊಡ್ತೀನಿ. ಬೇಕಾದ ಆಕಾರದ ವಿದ್ಯುತ್ ಅಲೆ ಕೊಡೋ ಫಂಕ್ಷನ್ ಜನರೇಟರ್ ಕೊಳ್ಳೋ ಶಕ್ತಿ ಇಲ್ಲ, ಹಾಗಾಗಿ ಲ್ಯಾಪ್‌ಟಾಪಿನಲ್ಲಿ ಅಡಾಸಿಟಿ ಅನ್ನೋ ಆಡಿಯೋ ಸಾಫ್ಟ್‌ವೇರ್ ಹಾಕಿ ಅದರಿಂದಲೇ ಸೈನ್ ವೇವ್ (ನಯವಾಗಿ ಏರಿಳಿಯೋ ಅಲೆ) ತೆಗೀತೀನಿ. ತೊಂದರೆ ಏನು ಅಂದ್ರೆ ಹೆಡ್‌ಫೋನ್ ಜಾಕ್‌ನಿಂದ ಬರೋದು ಫುಲ್ ವಾಲ್ಯೂಮ್‌ನಲ್ಲೂ ಹೆಚ್ಚುಕಡಿಮೆ 1 ವೋಲ್ಟ್ ಆರ್‌ಎಂಎಸ್ (ಎಸಿ ಮೀಟರ್ ತೋರಿಸೋ ಲೆಕ್ಕ), ಅಂದ್ರೆ ಅಲೆಯ ತುದಿ (ಪೀಕ್) 1.4. ಎಸಿಯನ್ನ ಡಿಸಿ ಮಾಡೋ ರೆಕ್ಟಿಫೈಯರ್ ತೋರಿಸೋಣ ಅಂದ್ರೆ ಸಿಲಿಕಾನ್ ಡಯೋಡ್ ಒಂದೇ 0.7 ತಿಂದುಬಿಡುತ್ತೆ, ಅಲೆ ಅರ್ಧ ಮಾಯ. 5.1 ವೋಲ್ಟ್ ಜೀನರ್ (ಆ ಮಿತಿ ದಾಟದಂತೆ ತಡೆಯೋ ಡಯೋಡ್) ಅಲೆಯ ತಲೆ ಕತ್ತರಿಸೋ ಕ್ಲಿಪ್ಪಿಂಗ್ ಅಂತೂ ಕನಸು. ನನಗೆ ಬೇಕಿದ್ದದ್ದು ಪೀಕ್ ಟು ಪೀಕ್, ಅಂದ್ರೆ ಅಲೆಯ ಕೆಳತುದಿಯಿಂದ ಮೇಲ್ತುದಿಗೆ, 20 ವೋಲ್ಟ್. 24 ವೋಲ್ಟ್ ಸಪ್ಲೈ ಇದ್ದರೆ ಒಳ್ಳೆಯ ಆಪ್ ಆ್ಯಂಪ್ (ಸಿಗ್ನಲ್ ದೊಡ್ಡದು ಮಾಡೋ ಐಸಿ) ಅದನ್ನು ಆರಾಮಾಗಿ ಕೊಡುತ್ತೆ. ಹಾಗಾಗಿ ಸ್ಟಿಕ್ಕರ್ ಮೇಲಿನ 24 ನೋಡಿ ಅನುಮಾನ ಬರೋಕೆ ಕಾರಣವೇ ಇರಲಿಲ್ಲ.

ಅಂಗಡಿಯವನಿಗೆ ಬಿಡಿಸಿ ಹೇಳಿದೆ. ಸ್ಪೀಕರ್‌ಗಲ್ಲ, ವಾಟ್ ಲೆಕ್ಕದ ಪವರ್ ಬೇಡ, ವೋಲ್ಟೇಜ್ ಬೇಕು, ಲ್ಯಾಬ್‌ಗೆ.

“ಗೊತ್ತಾಯ್ತು ಸಾರ್, ಕಾಲೇಜಿನವರೆಲ್ಲಾ ಇದನ್ನೇ ತಗೊಂಡೋಗ್ತಾರೆ.”

ಜೊತೆಗೆ ಕೊಡೋ ಅಡಾಪ್ಟರನ್ನ ಚುಚ್ಚಿ ಅದರ ಪಿನ್‌ಗೆ ಮೀಟರ್ ಇಟ್ಟ. “ನೋಡಿ ಸಾರ್, 24.” ಆಮೇಲೆ ಡಬ್ಬಿಗೆ ಸಣ್ಣ ಸ್ಪೀಕರ್ ಸಿಕ್ಕಿಸಿ ಫೋನಿನಿಂದ ಅರ್ಧ ನಿಮಿಷ ಹಾಡು ಹಾಕಿದ. ಜೋರಾಗಿ ಬಂತು. ಸ್ಕೋಪ್‌ನಲ್ಲಿ (ಅಲೆಯನ್ನ ಪರದೆ ಮೇಲೆ ತೋರಿಸೋ ಉಪಕರಣ) ತೋರಿಸ್ರೀ ಅಂದೆ. ರಿಪೇರಿಗೆ ಹೋಗಿದೆಯಂತೆ. ಬಿಲ್ ಕೇಳಿದ್ರೆ ‘ಎಸ್ಟಿಮೇಟ್’ ಅಂತ ಅಚ್ಚಾಗಿರೋ ಚೀಟಿ ಹರಿದು ಕೊಟ್ಟ.

ಭಾನುವಾರ ಎರಡು ಜೀನರ್‌ಗಳನ್ನ ಬೆನ್ನಿಗೆ ಬೆನ್ನು ಜೋಡಿಸಿ ಕೂತೆವು. ಲೆಕ್ಕದ ಪ್ರಕಾರ (ಒಂದರ 5.1, ಇನ್ನೊಂದರ 0.7) 5.8 ವೋಲ್ಟ್‌ಗೆ ಅಲೆಯ ತಲೆ ಕತ್ತರಿಸಿಹೋಗಬೇಕು. ಸ್ಕೋಪ್‌ನಲ್ಲಿ ಗೆರೆ ಕಂಬಳಿಹುಳದ ಹಾಗೆ ಮೈತುಂಬ ರೋಮ ಎದ್ದು ಕಾಣ್ತಿತ್ತು, ಆದ್ರೂ ತಲೆ ಚಪ್ಪಟೆ. ನೋಡಿ, ಜೀನರ್ ಕೆಲಸ ಮಾಡ್ತಿದೆ ಅಂತ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದೆ. ಹಿಂದೆ ಕೂತಿದ್ದ ಹುಡುಗಿ ಎದ್ದು ಬಂದು ಜೀನರ್ ಎರಡನ್ನೂ ಬ್ರೆಡ್‌ಬೋರ್ಡ್‌ನಿಂದ ಕಿತ್ತಳು. “ಸರ್, ತೆಗೆದ್ರೂ ಹಾಗೇ ಇದೆಯಲ್ಲಾ?”

ಹಾಗೇ ಇತ್ತು! ಚಪ್ಪಟೆ ಆಗ್ತಿದ್ದದ್ದು 5.8ಕ್ಕೂ ಅಲ್ಲ, 5 ಕೂಡ ಮುಟ್ಟೋ ಮೊದಲೇ. ಕ್ಲಿಪ್ ಮಾಡ್ತಿದ್ದದ್ದು ಜೀನರ್ ಅಲ್ಲ, ಆ ಡಬ್ಬಿ. ಇಡೀ ಕ್ಲಾಸ್ ನನ್ನ ಮುಖ ನೋಡ್ತಿದೆ. ಟೋನ್ ಕೇಳಿಸೋಣ ಅಂತ ಸ್ಪೀಕರ್ ಹಾಕಿದ್ರೆ ಸ್ವಲ್ಪ ಹೊತ್ತಿಗೆ ಅದೂ ಬಂದ್. ಡಬ್ಬಿ ಬಿಸಿ.

ಅಲ್ಲೇ ಸ್ಕ್ರೂ ಬಿಚ್ಚಿದೆ. ಅಡಾಪ್ಟರಿನ 24 ವೋಲ್ಟ್ ನೇರ ಹೋಗೋದು ಒಂದು 7805 ರೆಗ್ಯುಲೇಟರ್‌ಗೆ. ಹೀಟ್ ಸಿಂಕ್ ಇಲ್ಲ, ಮುಟ್ಟಿದ್ರೆ ಬೆರಳು ಸುಡುತ್ತೆ. 24 ಕೊಟ್ಟು 19 ವೋಲ್ಟನ್ನ ಬಿಸಿ ಮಾಡಿ ಕಳೆದು 5 ಉಳಿಸಿಕೊಳ್ಳೋದು! ಆ 5 ವೋಲ್ಟ್‌ನಲ್ಲಿ ಓಡ್ತಿರೋದು ಪಿಎಎಂ8403 ಅನ್ನೋ ಪುಟ್ಟ ಬೋರ್ಡ್, ಸಣ್ಣ ಸ್ಪೀಕರ್‌ಗಳಿಗೆ ಹಾಕೋ ಕ್ಲಾಸ್ ಡಿ ಆ್ಯಂಪ್ಲಿಫೈಯರ್. ಗೆರೆಯ ಮೇಲಿನ ರೋಮ ಅದರ ಸ್ವಿಚಿಂಗ್, ಅಂದ್ರೆ ಔಟ್‌ಪುಟ್ಟನ್ನ ವೇಗವಾಗಿ ಆನ್-ಆಫ್ ಮಾಡೋದು. ಔಟ್‌ಪುಟ್‌ನ ಮೈನಸ್ ಕೂಡ ಗ್ರೌಂಡ್ ಅಲ್ಲ, ಸ್ಕೋಪ್ ಕ್ಲಿಪ್ ಮಾತ್ರ ಅರ್ಥ್‌ಗೆ ಸೇರಿರುತ್ತೆ. ಪುಣ್ಯಕ್ಕೆ ಲ್ಯಾಪ್‌ಟಾಪ್ ಬ್ಯಾಟರಿ ಮೇಲಿತ್ತು, ಮೂರು ಪಿನ್ ಚಾರ್ಜರ್ ಇದ್ದಿದ್ರೆ ಸ್ಕೋಪ್ ಕ್ಲಿಪ್ ಹಾಕಿದ ಕೂಡಲೇ ಅರ್ಥ್ ಮೂಲಕ ಶಾರ್ಟ್.

ಆ ಚಿಪ್ ಓಡೋದು 5.5 ವೋಲ್ಟ್‌ವರೆಗೆ ಮಾತ್ರ. ಅದು ಗೊತ್ತಿದ್ದೇ ಮುಂದೆ 7805 ಹಾಕಿದ್ದಾರೆ. ಗೊತ್ತಿದ್ದೇ ಮೇಲೆ 24 ಅಂತ ಅಂಟಿಸಿದ್ದಾರೆ. ನನಗೆ ಹೊಟ್ಟೆ ಉರಿಯೋದು ಅದಕ್ಕೆ.

ಅಂಗಡಿಯವನನ್ನ ವಾಟ್ಸಾಪ್‌ನಲ್ಲಿ ಕೇಳಿದ್ರೆ ಮೊದಲು “ವಾಲ್ಯೂಮ್ ಫುಲ್ ಇಡಿ ಸಾರ್.” ಆಮೇಲೆ “ನಿಮ್ಮ ಲ್ಯಾಪ್‌ಟಾಪ್ ವೀಕ್ ಇರ್ಬೇಕು ಸಾರ್.” 7805 ಫೋಟೋ ಕಳಿಸಿದೆ. “ಅದು ಸೇಫ್ಟಿಗೆ ಸಾರ್. ಬಿಚ್ಚಿದ್ದೀರಲ್ಲ, ವಾರಂಟಿ ಹೋಯ್ತು.” ಡಬ್ಬಿ ಹಿಡ್ಕೊಂಡು ಅಂಗಡಿಗೇ ಹೋದೆ. ಮಾಲೀಕ ಸ್ಟಿಕ್ಕರ್ ತಿರುಗಿಸಿ ತೋರಿಸಿದ: “24 ಅಂದ್ರೆ ಅಡಾಪ್ಟರ್ ಸಾರ್. ಔಟ್‌ಪುಟ್ 24 ಅಂತ ಎಲ್ಲಿ ಬರೆದಿದೆ, ನೀವೇ ಓದಿ.” ಪಕ್ಕದಲ್ಲಿ ನಿಂತಿದ್ದ ಗಿರಾಕಿಗಳೆಲ್ಲ ನನ್ನನ್ನೇ ನೋಡ್ತಿದ್ರು. ಸೌಂಡ್ ಬರ್ತಿದೆಯಲ್ಲ, ಇನ್ನೇನು ಬೇಕು ಅಂತ ಬೇರೆ ಕೇಳಿದ. ಸೌಂಡ್ ಬೇಕು ಅಂತ ನಾನು ಕೇಳಿದ್ದೆನಾ? ವೋಲ್ಟೇಜ್ ಬೇಕು ಅಂತ ಎಷ್ಟು ಸಲ ಹೇಳಿದ್ದೆ!

ಇಂಥದ್ದು ಕೊಳ್ಳೋರು ಅಡಾಪ್ಟರಿಗೆ ಮೀಟರ್ ಇಡೋದಕ್ಕೆ ಬಿಡಬೇಡಿ, ಔಟ್‌ಪುಟ್‌ಗೆ ಇಡಿಸಿ. ಫೋನಿನಿಂದ 100 ಹರ್ಟ್ಸ್ ಸೈನ್ ಹಾಕಿ, ಮೀಟರ್ ಎಸಿ ರೇಂಜ್‌ನಲ್ಲಿರಲಿ. ಪೀಕ್ ಟು ಪೀಕ್ 20 ನಿಜವಾದ್ರೆ ಅದು 7 ವೋಲ್ಟ್ ತೋರಿಸಬೇಕು. ಜಿಎಸ್‌ಟಿ ಬಿಲ್ ಇಲ್ಲದೆ ದುಡ್ಡು ಬಿಚ್ಚಲೇಬೇಡಿ. ಗ್ರಾಹಕ ಸಹಾಯವಾಣಿ 1915ಕ್ಕೆ ದೂರು ಕೊಡೋಣ ಅಂದ್ರೆ ನನ್ನ ಕೈಯಲ್ಲಿರೋದು ಆ ಎಸ್ಟಿಮೇಟ್ ಚೀಟಿ.

ಕೊನೆಗೆ ಅದೇ ಅಡಾಪ್ಟರಿಗೆ ಒಂದು ಎನ್‌ಇ5532 ಆಪ್ ಆ್ಯಂಪ್ ಹಾಕಿ, ಅಲೆ 24ರ ಮಧ್ಯದಲ್ಲಿ ಆಡಲಿ ಅಂತ 12 ವೋಲ್ಟ್‌ಗೆ ಬಯಾಸ್ ಕೊಟ್ಟು, ಡಿಸಿ ತಡೆಯೋಕೆ ಒಳಗೂ ಹೊರಗೂ ಕಪ್ಲಿಂಗ್ ಕೆಪಾಸಿಟರ್ ಇಟ್ಟು, ಗೇನ್ ಏಳೆಂಟು ಪಟ್ಟು ಮಾಡಿದೆ. 20 ವೋಲ್ಟ್ ಬಂತು, ಗೆರೆ ಸ್ವಚ್ಛ. ಐಸಿಗೆ ನೂರು ರೂಪಾಯಿಯೂ ಆಗಲಿಲ್ಲ. ಈ ಸರ್ಕ್ಯೂಟ್ ಬೇಕಾದವರು ಕೇಳಿ, ಬರೆದು ಕಳಿಸ್ತೀನಿ. ಆ ಕಪ್ಪು ಡಬ್ಬಿಯನ್ನ ನಿಮ್ಮ ಕಾಲೇಜಿನಲ್ಲೂ ಕೊಂಡಿದ್ದರೆ ಒಳಗಿನ ಫೋಟೋ ಹಾಕಿ.